ಅವ್ವನನ್ನು ಮಲಗಿಸುವ ಹೊತ್ತು

"ಇವತ್ತೂ ಮಲಗಸ್ತಿಯೇನು ನನ್ನ?" ಎಂದು ಅವ್ವ ಕೇಳಿದಾಗ ಜಯಮಾಲಾ ಚಹಾದ ಮೇಲಿನ ಕೆನೆಯನ್ನು ಬೆರಳಿನಿಂದ ಬದಿಗೆ ಸರಿಸುತ್ತಿದ್ದಳು. ಅವ್ವ ಕೇಳಿದ ರೀತಿಯಲ್ಲಿ ವಿಶೇಷವೇನೂ ಇರಲಿಲ್ಲ. ಬರುವಾಗ ಮೆಂತ್ಯ ಪಲ್ಯ ತರುತ್ತೀಯಾ ಎಂದು ಕೇಳುವವಳ ಹಾಗೆ, ಸೀರೆಯ ನೆರಿಗೆ ಹಿಡಿದು, ಪಿನ್ನನ್ನು ಹಲ್ಲಿನಲ್ಲಿ ಕಚ್ಚಿಕೊಂಡು ಕೇಳಿದ್ದಳು. ಆದರೂ ಜಯಮಾಲಾಳ ಕಿವಿ ಬಿಸಿಯಾಯಿತು. ಪಕ್ಕದ ಮನೆಯಿಂದ ಏನನ್ನೋ ಎತ್ತಿಕೊಂಡು ಬಂದು ಸೆರಗಿನಡಿ ಮುಚ್ಚಿಟ್ಟವಳನ್ನು ಆ ಮನೆಯವರೇ ಎದುರು ಬಂದು ನಗುನಗುತ್ತ ಮಾತಾಡಿಸಿದ ಹಾಗಾಯಿತು. "ಮಲಗಸ್ತೀನಿ. ನೀ ಲಗೂ ಬಾ," ಎಂದಳು. ಲಗೂ ಎಂಬ ಮಾತು ಬಾಯಿಂದ ಜಾರಿದ್ದೇ ನಾಲಿಗೆ ಕಚ್ಚಿಕೊಂಡಳು. ನಿನ್ನೆ ಇದೇ ಮಾತನ್ನು ಇದೇ ಪಡಸಾಲೆಯಲ್ಲಿ, ಕಣ್ಣು ಮುಚ್ಚಿ ಚಾಪೆಯ ಮೇಲೆ ಮಲಗಿದ್ದ ಅವ್ವ ಬೇರೆಯೇ ದನಿಯಲ್ಲಿ ಆಡಿದ್ದಳು. ಈಗ ಆ ಅವ್ವ ಪಿನ್ನು ಚುಚ್ಚಿ, ಹಿತ್ತಲಿನ ತಂತಿಯಿಂದ ಕರವಸ್ತ್ರ ಎಳೆದು, ಅದರ ಮೇಲೆ ಕುಳಿತ ಸಿಮೆಂಟ್ ಕಾರ್ಖಾನೆಯ ಬೂದಿಯನ್ನು ಪಟಪಟ ಜಾಡಿಸಿ, ಮೊದಲಿನ ಅವ್ವನೇ ಆಗಿ ಡ್ಯೂಟಿಗೆ ಹೊರಟು ನಿಂತಿದ್ದಳು. ಹೊಸ್ತಿಲಲ್ಲಿ ತಿರುಗಿ, "ಕುಂಚಾವರಂ ಕೆಲಸದ್ದು ಏನಂದ್ರು?" ಎಂದಳು. "ಸೋಮವಾರ ಬಂದು ಹಾಜರಾಗ್ರಿ ಅಂದಾರ. ಇಲ್ಲಂದ್ರ ಬ್ಯಾರೆದೋರಿಗಿ ಕೊಡ್ತಾರಂತ." "ಹಾಂ. ನೋಡಮು," ಎಂದು ಅವ್ವ ಚಪ್ಪಲಿ ಮೆಟ್ಟಿದಳು.

ನೋಡಮು. ಬೇಡವೆಂದು ಅವ್ವ ಒಂದು ಸಲವೂ ಅನ್ನುವುದಿಲ್ಲ. ಬೇಡ ಅಂದಿದ್ದರೆ ಜಗಳವಾಡಬಹುದಿತ್ತು, ಅತ್ತು ಕರೆದು ಕೊನೆಗೆ ಹೋಗಿಬಿಡಬಹುದಿತ್ತು. ಕುಂಚಾವರಂ ಕಾಡಿನ ಅಂಚಿನ ವಸತಿ ಶಾಲೆಯಲ್ಲಿ ಹೆಣ್ಣುಮಕ್ಕಳಿಗೆ ಆಪ್ತಸಮಾಲೋಚಕಿಯ ಕೆಲಸ, ಇರಲಿಕ್ಕೆ ಅಲ್ಲೇ ಕೋಣೆ. ಆ ಕಾಡು ಜಯಮಾಲಾಳಿಗೆ ನಕಾಶೆಯ ಕಾಡಲ್ಲ. ಅದು ತೀರಿಹೋದ ಆಯಿಯ, ಅಂದರೆ ಅವ್ವನ ಅವ್ವನ, ತವರು. ಆಯಿಯ ಕಥೆಗಳಲ್ಲಿ ಮರಗಳು ತೆಲುಗು ಬೆರೆಸಿ ಮಾತಾಡುತ್ತಿದ್ದುದು ಅಲ್ಲೇ. ಈ ಮಾತನ್ನು ಅವ್ವನ ಮುಂದೆ ಹೇಳಲಾಗದೆ, ಪಗಾರು ಚಲೋ ಅದ, ಅನುಭವ ಆಗ್ತದ ಎಂದೆಲ್ಲ ಹೇಳಿದ್ದಳು. ಅವ್ವ ಕೇಳಿಸಿಕೊಂಡು, ನೋಡಮು ಎಂದು, ಅವತ್ತು ಸಂಜೆ ತಲೆ ಹಿಡಿದುಕೊಂಡು ಕೂತಿದ್ದಳು. ಬಿಪಿ ಮಿಷನ್ನಿನ ಪಟ್ಟಿ ಬಿಗಿಯುವಾಗ ಅವ್ವನ ತೋಳು ನೋಡಿ ಜಯಮಾಲಾಳಿಗೆ, ಈ ಬಿಪಿ ಏರಿಸಿದವಳು ನಾನೇ ಅನ್ನಿಸಿತ್ತು.

ನಿಜ ಹೇಳಬೇಕೆಂದರೆ ಅದನ್ನು ಏರಿಸುತ್ತಿದ್ದದ್ದು ಇಡೀ ಊರು. ಅವ್ವ ದಾನಮ್ಮ ವಾಡಿ ಜಂಕ್ಷನ್ನಿನ ವಿಚಾರಣೆಯ ಕಿಟಕಿಯಲ್ಲಿ ಕೂಡುವವಳು. ಗಂಡ ಹಣಮಪ್ಪ ರೈಲ್ವೆ ನೌಕರಿಯಲ್ಲಿರುವಾಗಲೇ ಕಾಮಾಲೆಯಿಂದ ಹೋದ ಮೇಲೆ ಅನುಕಂಪದ ಮೇಲೆ ಸಿಕ್ಕ ಕೆಲಸ ಅದು. ಗಾಜಿನ ಆಚೆ ದಿನವಿಡೀ ಮುಖಗಳು ಬಂದು ಬಗ್ಗುತ್ತವೆ, ಎಲ್ಲವೂ ಗಾಡಿ ಯಾವಾಗ ಎಂಬ ಒಂದೇ ಮಾತು ಕೇಳುತ್ತವೆ. "ಗಾಡಿ ನಾನೇ ಹಿಂದಿಂದ ಜಗ್ಗಿ ಹಿಡದೀನೇನೋ ಅನ್ನೋರಗತೆ ಕೇಳ್ತಾರವ್ವ," ಎಂದು ಮನೆಗೆ ಬಂದು ಅನ್ನುತ್ತಿದ್ದಳು. ಯುಗಾದಿಯ ಹಿಂದುಮುಂದಿನ ಒಂದು ದಿನ, ಅದೇ ಮಾತನ್ನು ಬಿಡದೆ ಕೇಳಿದ ಒಬ್ಬನ ಮೇಲೆ ಎದ್ದು ನಿಂತು, ರೂಲು ಕಟ್ಟಿಗೆಯಿಂದ ಗಾಜಿಗೆ ಬಡಿದು ಚೀರಿದ್ದಳು. ಅವನು ಮೊಬೈಲು ಹಿಡಿದಿದ್ದ. ಆ ವಿಡಿಯೋ ಕಾಲೊನಿಯ ಗ್ರೂಪಿಗೆ ಬಂತು. ಪಕ್ಕದ ಮನೆಯ ಜಾನಬಿ ಫೋನು ಹಿಡಿದುಕೊಂಡೇ ಓಡಿ ಬಂದು, "ಅಲ್ಲಾ ಕಸಮ್, ನೀ ಭಾಳ ಛಂದ ಕಂಡಿ ನೋಡು ದಾನಮ್ಮ. ಥೇಟ್ ಸಿನಿಮಾದಾಗ ಸೊಸಿಗಿ ಬಯ್ಯೋ ಸಾಸು!" ಎಂದು ನಗಿಸಲು ನೋಡಿದ್ದಳು. ಅವ್ವ ನಕ್ಕಳು. ನಕ್ಕು ಒಳಗೆ ಹೋಗಿ ಅಕ್ಕಿ ಆರಿಸುತ್ತ ಕೂತವಳು, ಆರಿಸಿದ ಅಕ್ಕಿಯನ್ನೇ ಮತ್ತೆ ಮತ್ತೆ ಆರಿಸುತ್ತಿದ್ದಳು. ಗುಳಿಗೆ ಬರೆದ ಡಾಕ್ಟರು ಟೆನ್ಶನ್ ಕಡಿಮಿ ಮಾಡ್ಕೋರಿ ಎಂದರೆ, "ಟೆನ್ಶನ್ ಏನ್ ಕಿರಾಣಿ ಅಂಗಡ್ಯಾಗಿನ ಬೆಲ್ಲೇನ್ರಿ, ಈ ಸಲ ಜರಾ ಕಡಿಮಿ ಕಟ್ಟು ಅನ್ಲಾಕ?" ಎಂದು ಕೇಳಿ ಬಂದಿದ್ದಳು.

ಆಗಲೇ ಜಯಮಾಲಾ, "ನಾ ಮಲಗಸ್ತೀನಿ ನಿನ್ನ. ನಿದ್ದಿ ಅಲ್ಲ ಅದು, ನಿದ್ದಿ ಬಾಜೂಕಿನ ಜಾಗಾ," ಎಂದದ್ದು. ಚಿತ್ತಾಪುರದ ದವಾಖಾನೆಯಲ್ಲಿ ಅವಳು ಕರಾರಿನ ಮೇಲೆ ಕೆಲಸಕ್ಕಿದ್ದಳು. ಅಲ್ಲಿನ ಮೆಹತಾಬ್ ಮೇಡಂ ಸಮ್ಮೋಹನ ಕಲಿತವರು. ನಿದ್ದೆ ಬಾರದ ಬಾಣಂತಿಯರಿಗೆ, ಪರೀಕ್ಷೆಗೆ ಕೈ ನಡುಗುವ ಹುಡುಗಿಯರಿಗೆ, ಅತ್ತೆಯ ದನಿ ಕೇಳಿದರೆ ಎದೆ ಹೊಡೆದುಕೊಳ್ಳುವ ಸೊಸೆಯರಿಗೆ ಅವರು ಮೆಲ್ಲಗೆ ಮಾತಾಡುತ್ತ ಮಾತಾಡುತ್ತ ಮೈ ಸಡಿಲಿಸಿ ಕಳಿಸುತ್ತಿದ್ದರು. ಜಯಮಾಲಾ ಬಾಗಿಲ ಪಕ್ಕ ನಿಂತು ಕಲಿತಳು, ಆಮೇಲೆ ಎದುರು ಕೂತು ಕಲಿತಳು. ಮೊದಲ ದಿನ ಅವ್ವನಿಗೆ ಮೇಡಮ್ಮಿನ ಮಾತುಗಳನ್ನೇ ಒಪ್ಪಿಸಿದಳು: ನೀವು ಸಮುದ್ರದ ದಂಡೆಯಲ್ಲಿ ನಿಂತಿದ್ದೀರಿ, ತಂಪು ಗಾಳಿ ಬೀಸುತ್ತಿದೆ. ಅವ್ವ ಒಂದೇ ಕಣ್ಣು ತೆರೆದು, "ನಾ ಸಮುದ್ರ ನೋಡೇ ಇಲ್ಲಲ್ಲವಾ. ನೀರಿನ ಕಡಿ ಮಾರಿ ಮಾಡಿ ನಿಂದ್ರಬೇಕೋ, ಬೆನ್ನು ಮಾಡ್ಬೇಕೋ? ಮತ್ತ ಅದ್ಯಾಕ ನೀವು ತಾವು ಅನ್ಲಿಕತ್ತಿ, ಬ್ಯಾಂಕಿನೋರಗತೆ!" ಎಂದಳು. ಇಬ್ಬರೂ ಹೊಟ್ಟೆ ಹಿಡಿದುಕೊಂಡು ನಕ್ಕರು. ನಗುವಿನ ನಡುವೆಯೇ ಜಯಮಾಲಾಳ ಬಾಯಿಗೆ ಆಯಿಯ ಕಥೆ ಬಂತು. ತಲೆಯ ಮೇಲೆ ಗಂಟು, ಹೆಗಲಿಗೆ ಕಂಬಳಿ, ಬೆನ್ನಿಗೆ ಕಟ್ಟಿಗೆಯ ಹೊರೆ ಹೊತ್ತ ಮುದುಕಿಯೊಬ್ಬಳು ಕಾಡು ದಾಟಿ ಮನೆಗೆ ಹೊರಟಿದ್ದಾಳೆ. ದಾರಿಯ ಮರವೊಂದು ಕೇಳುತ್ತದೆ, ಮುದುಕಿ ಮುದುಕಿ, ತಲಿ ಮ್ಯಾಲಿಂದು ನನಗ ಕೊಟ್ಟು ಹೋಗು. ಮುದುಕಿ ಗಂಟನ್ನು ಕೊಂಬೆಗೆ ತೂಗುಹಾಕುತ್ತಾಳೆ, ತಲೆ ಹಗುರಾಗುತ್ತದೆ. ಮುಂದಿನ ಮರ ಹೆಗಲಿನದನ್ನು ಕೇಳುತ್ತದೆ, ಹೆಗಲು ಇಳಿಯುತ್ತದೆ. ಕಥೆ ಕೇಳುವವರು ಹೂಂಗುಟ್ಟುವಂತೆ ಅವ್ವ ಹೂಂ ಅನ್ನುತ್ತ ಬಂದಳು. ಆ ಹೂಂ ಮರದಿಂದ ಮರಕ್ಕೆ ಸಣ್ಣದಾಗಿ, ಕೊನೆಗೆ ಬರೀ ಉಸಿರಾಯಿತು. ತನ್ನ ದನಿ ಬೇರೊಬ್ಬರ ಮೈಯನ್ನು ಹೀಗೆ ಗಂಟು ಗಂಟಾಗಿ ಬಿಚ್ಚುವುದನ್ನು ಕಂಡು ಜಯಮಾಲಾಳಿಗೆ ಹೆಮ್ಮೆಯಾಗಿತ್ತು. ದನಿ ತನ್ನದಲ್ಲವೆಂಬುದೂ ಆಗಲೇ ಹೊಳೆದಿತ್ತು. ಅದರ ಎಳೆತ, ಸಾಲಿನ ಕೊನೆಯಲ್ಲಿ ಗಂಟಲಿನೊಳಗೆ ಒಂದು ಸಣ್ಣ ನಿಲುಗಡೆ, ಎಲ್ಲ ಆಯಿಯದು.

ಹಾಗೆ ಕೆಲವು ಸಂಜೆ ನಡೆದವು. ಅವ್ವ ಕಿಟಕಿಯಲ್ಲಿ ಚೀರುವುದು ಬಿಟ್ಟಳು. "ಏನ್ ಬೂದಿ ಹಾಕಿದಿ ಬೇಟಿ ನಿಮ್ಮವ್ವಗ?" ಎಂದು ಜಾನಬಿ ಜಯಮಾಲಾಳನ್ನು ಕೇಳಿದ್ದಳು. "ನಮ್ಮ ಹುಡುಗನ ಗಾಡಿ ಕೇಳ್ಲಾಕ ಹೋದ್ರ, ಕುಂದ್ರು ಜಾನಬಿ, ಬರ್ತದ ಅಂದ್ಲು. ನನಗೇ ಅಂಜಿಕಿ ಬಂತು!" ಆದರೆ ನಿನ್ನೆ, ಮೂರನೆಯ ಮರವೋ ನಾಲ್ಕನೆಯದೋ, ಮುದುಕಿ ಬೆನ್ನಿನ ಹೊರೆ ಇಳಿಸುವಲ್ಲಿ, ಉಸಿರಷ್ಟೇ ಇದ್ದ ಅವ್ವನ ಬಾಯಿಂದ ಮಾತು ಬಂತು. "ಯವ್ವಾ, ಇವತ್ತರ ಲಗೂ ಬಂದಿ ನೋಡು."

ಅದು ಸಣ್ಣ ಹುಡುಗಿಯೊಬ್ಬಳ ದನಿ, ಕಟ್ಟೆಯ ಮೇಲೆ ಕೂತು ಕೂತು ಸಾಕಾದವಳದು. ಜಯಮಾಲಾಳಿಗೆ ಎಲ್ಲ ಗೊತ್ತಿತ್ತು, ಗೊತ್ತಿದ್ದೂ ಯೋಚಿಸಿರಲಿಲ್ಲ. ಆಯಿ ಭೀಮಬಾಯಿ ಶಹಾಬಾದದ ಕಲ್ಲಿನ ಖಣಿಯಲ್ಲಿ ದುಡಿದವಳು. ಕತ್ತಲಿರುವಾಗ ಹೋಗಿ ಕತ್ತಲಾದ ಮೇಲೆ ಬರುವಳು. ಮಗಳನ್ನು ಕೆಲವು ದಿನ ಪಕ್ಕದ ಮನೆಯಲ್ಲಿ, ಕೆಲವು ದಿನ ಖಣಿಯ ಮೇಲೇ ಕಲ್ಲುಗುಡ್ಡೆಯ ನೆರಳಿನ ಧೂಳಿನಲ್ಲಿ ಮಲಗಿಸಿ ಇಳಿಯುವಳು. ಆ ಸಂಜೆಗಳ ಹುಡುಗಿ ಈಗ ಈ ಚಾಪೆಯ ಮೇಲಿದ್ದಳು, ನರೆತ ಕೂದಲಿನೊಂದಿಗೆ. ಸುಮ್ಮನಿರಬೇಕಿತ್ತು. ಮೆಹತಾಬ್ ಮೇಡಂ ಆಗಿದ್ದರೆ ಸುಮ್ಮನೆ ಮುದುಕಿಯನ್ನು ಮುಂದಿನ ಮರಕ್ಕೆ ನಡೆಸುತ್ತಿದ್ದರು. ಜಯಮಾಲಾ ಅಂದಳು: "ಹೂಂ ನನ ಕಂದಾ, ಬಂದೀನಿ." ಆಯಿ ಕೂಡ ಜಯಮಾಲಾಳನ್ನು ಎಂದೂ ಹಾಗೆ ಕರೆದಿರಲಿಲ್ಲ. ಅವ್ವನ ಮುಚ್ಚಿದ ರೆಪ್ಪೆಯ ಅಂಚಿನಲ್ಲಿ ನೀರು ತುಂಬಿ ಕಿವಿಯ ಕಡೆಗೆ ಇಳಿಯಿತು. "ಆ ಪೋರಿಗಿ ಎಷ್ಟ್ ಕಥಿ ಹೇಳ್ದಿ ಯವ್ವಾ," ಎಂದಳು, ಈಗ ಹುಡುಗಿಯೂ ಅಲ್ಲದ ಅವ್ವನೂ ಅಲ್ಲದ ದನಿಯಲ್ಲಿ. "ನನಗೊಂದೂ ಹೇಳ್ಲಿಲ್ಲ. ಬಂದ್ಕೂಡ್ಲೆ ಮಕ್ಕೊಂತಿದ್ದಿ. ನಾ ನಿನ್ನ ಕಾಲಾಗಿನ ಧೂಳ ಒರಸ್ತಿದ್ದೆ, ನಿನಗ ಗೊತ್ತೇ ಆಗ್ತಿದ್ದಿಲ್ಲ." ಆ ಪೋರಿ ಎಂದರೆ ತಾನು. ತನ್ನ ಬಗ್ಗೆ ಅವ್ವ ಹೀಗೆ, ಪಾಲು ಕಸಿದುಕೊಂಡ ಅಕ್ಕತಂಗಿಯ ಬಗ್ಗೆ ಹೇಳುವ ಹಾಗೆ ಹೇಳುತ್ತಾಳೆಂದು ಜಯಮಾಲಾ ಕನಸಿನಲ್ಲೂ ಎಣಿಸಿರಲಿಲ್ಲ. "ತಪ್ಪಾತವ್ವ," ಎಂದಳು, ಆಯಿಯ ಪರವಾಗಿಯೋ ತನ್ನ ಪರವಾಗಿಯೋ. ಅವಸರದಲ್ಲಿ ಮುದುಕಿಯನ್ನು ಕಾಡಿನಲ್ಲೇ ಬಿಟ್ಟು, ಅವ್ವನನ್ನು ಎಬ್ಬಿಸುವ ಮಾತು ಹೇಳಿದಳು. ಅವ್ವ ಎದ್ದು ಮೈಮುರಿದು, "ಆಹಾ, ಇವತ್ತು ಭಾಳ ಛಂದ ಹತ್ತಿತ್ತು ನೋಡು," ಎಂದು ಒಲೆ ಹಚ್ಚಲು ಹೋದಳು. ಏನೂ ನೆನಪಿದ್ದ ಹಾಗಿರಲಿಲ್ಲ.

ಇವತ್ತು ಚಿತ್ತಾಪುರದ ಗಾಡಿಯಲ್ಲಿ ಕಿಟಕಿಯ ಸರಳಿಗೆ ಹಣೆ ಒತ್ತಿಕೊಂಡು ಕುಳಿತಾಗ ಜಯಮಾಲಾಳಿಗೆ ನೋವಾಗುತ್ತಿದ್ದದ್ದು ಅವ್ವನ ಮಾತಿನಿಂದಲ್ಲ. ನೋವಿನ ಕೆಳಗೆ ಇನ್ನೊಂದು ಸಣ್ಣ ಸಂತೋಷ ಇಲಿಯ ಹಾಗೆ ಓಡಾಡುತ್ತಿತ್ತು, ಅದರಿಂದ. ಅವ್ವ ಆಯಿಯ ಮಾತು ಕೇಳುತ್ತಾಳೆ. ಮಗಳಿಗೆ ನೋಡಮು ಎನ್ನುವವಳು ತನ್ನವ್ವನಿಗೆ ಹಾಗೆನ್ನುವುದಿಲ್ಲ. ಆ ಮುಂದಿನ ಮಾತನ್ನು ಮನಸ್ಸು ಪೂರ್ತಿ ಮಾಡುವ ಮೊದಲೇ ಅವಳು ಹೊರಗೆ ನೋಡಿದಳು. ತೊಗರಿ ಹೊಲಗಳು, ಹೊಲದ ನಡುವೆ ಬಿಳಿ ಕಲ್ಲಿನ ಗುಡ್ಡೆಗಳು, ಒಬ್ಬ ಹೆಂಗಸು ಹಳಿಯ ಬದಿ ನಿಂತು ಗಾಡಿ ಹೋಗಲೆಂದು ಕಾಯುತ್ತಿದ್ದಾಳೆ, ಆಡು ಅವಳ ಸೆರಗು ತಿನ್ನುತ್ತಿದೆ. ಕಂದಾ ಎಂದು ಕರೆದೆನಲ್ಲ. ಯಾರು ಕಲಿಸಿದರು ನನಗೆ ಆ ಮಾತು? ಅಷ್ಟು ಸುಲಭವಾಗಿ ಬಂತಲ್ಲ, ಕಾದು ಕೂತಿದ್ದ ಹಾಗೆ.

ದವಾಖಾನೆಯಲ್ಲಿ ಮೇಡಮ್ಮಿಗೆ ಎಲ್ಲ ಹೇಳಿಬಿಡಬೇಕೆಂದೇ ಕೋಣೆಗೆ ಹೋದಳು. "ಮೇಡಂ, ನನ್ನ ಗೆಳತಿ ಒಬ್ಬಾಕಿ ಅದಾಳ್ರಿ," ಎಂದು ಶುರುವಾಯಿತು ಮಾತು. ಬಾಯಿ ತನ್ನಷ್ಟಕ್ಕೇ ಹಾಗೆ ತಿರುಗಿದ್ದನ್ನು ಅವಳೇ ನಿಂತು ನೋಡಿದಳು. ಗೆಳತಿ ತನ್ನ ತಾಯಿಗೆ ಸಮ್ಮೋಹನ ಮಾಡಿದಳು, ತಾಯಿ ಅವಳನ್ನೇ ಬೇರೆ ಯಾರೋ ಅಂದುಕೊಂಡು ಮಾತಾಡಿದಳು, ಗೆಳತಿ ಉತ್ತರ ಕೊಟ್ಟಳು. ಮೆಹತಾಬ್ ಮೇಡಂ ಕನ್ನಡಕ ತೆಗೆದು ದುಪಟ್ಟಾದ ತುದಿಯಲ್ಲಿ ಒರೆಸಿದರು. "ಮನಿಯವರಿಗಿ ಮಾಡಬ್ಯಾಡ್ರಿ ಅಂತ ನಾ ಮೊದಲ ದಿನಾನೇ ಹೇಳ್ತೀನಿ ಎಲ್ಲರಿಗಿ. ಹೇಳೀನೋ ಇಲ್ಲೋ?" "ಹೇಳೀರಿ ಮೇಡಂ." "ಮತ್ತ ಅವರು ಕನಸಿನಾಗ ಯಾರನ್ನ ಕರೀತಾರೋ ಅವರಾಗಿ ನಾವು ಹೋಗಿ ನಿಂದ್ರಬಾರದು. ಹೋದ್ರ, ನಮಗ ಬೇಕಾಗಿದ್ದು ಏನೋ ಒಂದು ನಮ್ಮ ಹಿಂದಿಂದ ಒಳಗ ಬರ್ತದ. ಆ ಹುಡಿಗಿಗಿ ಏನೋ ಬೇಕಾಗಿರಬೇಕು." ಜಯಮಾಲಾ ಮೇಜಿನ ಮೇಲಿನ ಪೇಪರ್‌ವೇಟನ್ನು ನೋಡುತ್ತಿದ್ದಳು. "ಬಂದ್ ಮಾಡು ಅನ್ರಿ ಅಕಿಗಿ," ಎಂದು ಮೇಡಂ ಕನ್ನಡಕ ಹಾಕಿಕೊಂಡರು. ಎದ್ದು ಬಾಗಿಲ ತನಕ ಬಂದಮೇಲೆ ಹಿಂದಿನಿಂದ, "ಕುಂಚಾವರಂಕ್ಕ ಮನ್ಯಾಗ ಒಪ್ಪಿದ್ರೇನು, ಜಯಮಾಲಾ?" ಎಂದರು. "ಒಪ್ತಾರ್ರಿ," ಎಂದಳು ಅವಳು. ಮೇಡಂ ಕನ್ನಡಕದ ಮೇಲಿನಿಂದ ಒಮ್ಮೆ ನೋಡಿದರು. ಆ ನೋಟ ಬೆನ್ನಿಗೆ ಅಂಟಿಕೊಂಡು ಇಡೀ ದಿನ ಬಂತು.

ಸಂಜೆ ಗಾಡಿ ಇಳಿದು ಮನೆಗೆ ಬರುವಾಗ, ಹೇಳಿಬಿಡಬೇಕು, ಇನ್ನು ಮಲಗಿಸುವುದಿಲ್ಲ ಎನ್ನಬೇಕು ಎಂದುಕೊಂಡಳು. ಮನೆಯಲ್ಲಿ ಅವ್ವ ಆಗಲೇ ಬಂದು, ಕಾಲು ಮುಖ ತೊಳೆದು, ಚಾಪೆ ಹಾಸಿ, ಫ್ಯಾನು ಸಣ್ಣದು ಮಾಡಿ, ಹೊಸದಾಗಿ ಹೂ ಬೇರೆ ಮುಡಿದು ಕೂತಿದ್ದಳು. "ಎಷ್ಟ್ ತಡಾ ಮಾಡ್ದಿ," ಎಂದಳು. ಯಾರಾದರೂ ಬರುವವರಿದ್ದಾರೆ ಎಂಬಂತೆ ಹೂ ಮುಡಿದ ಅವ್ವನನ್ನು ನೋಡಿ ಜಯಮಾಲಾಳ ನಿರ್ಧಾರ ಕಾಲು ಮಡಚಿ ಕೂತುಬಿಟ್ಟಿತು. ಇದೊಂದು ಸಲ. ಮುದುಕಿಯನ್ನು ಕಾಡು ದಾಟಿಸಿ ಬಿಟ್ಟುಬಿಡುವುದು, ನಡುವೆ ಏನು ಕೇಳಿಸಿದರೂ ಸುಮ್ಮನಿರುವುದು. ಅವ್ವನ ಹೂಂ ಇವತ್ತು ಬೇಗ ಸಣ್ಣದಾಯಿತು. ಗಂಟು ಇಳಿಯಿತು, ಕಂಬಳಿ ಇಳಿಯಿತು. ಹೊರಗೆ ಯಾವುದೋ ಗೂಡ್ಸ್ ಗಾಡಿ ಮುಗಿಯದೆ ಹೋಗುತ್ತಿತ್ತು, ಅದರ ತಾಳಕ್ಕೆ ಕಪಾಟಿನ ಗಾಜು ಗುನುಗುತ್ತಿತ್ತು. ಬೆನ್ನಿನ ಹೊರೆಯ ತನಕ ಬರುವ ಮೊದಲೇ ಅವ್ವ ಕರೆದಳು.

"ಯವ್ವಾ, ಬಂದಿಯಾ? ಒಂದ್ ಮಾತ ಕೇಳೂದದ."

ಜಯಮಾಲಾ ತುಟಿ ಬಿಗಿಹಿಡಿದಳು.

"ಪೋರಿ ನಿನ್ನೂರಿಗಿ ಹೋಗ್ತೀನಂತಾಳ. ಕಾಡಿಗಿ. ಕಳಸ್ಲ್ಯಾ, ಬ್ಯಾಡಾ? ನೀ ಹ್ಯಾಂಗ ಅಂತಿ ಹಾಂಗ."

ಇಷ್ಟು ಸುಲಭವಾಗಿ. ಕೇಳದೆಯೇ, ಅಂಗೈಯಲ್ಲಿ ಇಟ್ಟ ಹಾಗೆ. ಒಂದೇ ಒಂದು ಮಾತು ಸಾಕಿತ್ತು. ಆಯಿಯ ದನಿ ಗಂಟಲಲ್ಲಿ ತಯಾರಾಗಿ ನಿಂತಿತ್ತು, ಕಳಸು ಎನ್ನಲು. ಅದು ಸುಳ್ಳೂ ಆಗಿರಲಿಕ್ಕಿಲ್ಲ ಎಂದು ಮನಸ್ಸು ವಕೀಲಿ ಮಾಡಿತು, ಆಯಿ ಇದ್ದಿದ್ದರೆ ಹಾಗೇ ಅನ್ನುತ್ತಿದ್ದಳೇನೋ. ಅವಳು ಅದನ್ನು ಅನ್ನಲಿಲ್ಲ, ಸುಮ್ಮನೂ ಇರಲಿಲ್ಲ. "ನಿನಗ್ಯಾಕ ಬ್ಯಾಡಾಗ್ಯಾದ ಅಕಿ ಹೋಗೂದು?" ಎಂದು ಕೇಳಿದಳು. ಕೇಳಿದ ಮೇಲೆ, ಬೀಗ ತೆಗೆದದ್ದಕ್ಕಿಂತ ಇಣುಕಿದ್ದು ಹೆಚ್ಚಿನ ಕಳವು ಅನ್ನಿಸಿತು. ಅವ್ವನ ಎದೆ ಏರಿ ಇಳಿಯಿತು. "ಅಕಿ ಹೋದ್ರ ನೀನೂ ಹೋಗ್ತಿ. ನಿನ್ನ ದನಿ ಅಕಿ ಬಾಯಾಗ ಅದ ಯವ್ವಾ. ನನ್ನ ಬಾಯಾಗ ಇಲ್ಲ. ನಾ ಹುಡುಕಿ ನೋಡೀನಿ."

ಫ್ಯಾನು ತಿರುಗುತ್ತಿತ್ತು. ಇನ್ನು ಈ ಸುಳ್ಳು ತಡೆಯುವುದಿಲ್ಲ ಅನ್ನಿಸಿ ಜಯಮಾಲಾ ಬಾಗಿ ಅವ್ವನ ಕೈ ಹಿಡಿದಳು. "ಅವ್ವಾ, ನಾನು. ನಾ ಜಯಮಾಲಾ," ಎಂದಳು ತನ್ನ ದನಿಯಲ್ಲಿ, ತನ್ನದೆಂದರೆ ಯಾವುದೆಂದು ಹುಡುಕುತ್ತ. ಅವ್ವ ಬೆಚ್ಚಲಿಲ್ಲ. ಕಣ್ಣು ತೆರೆಯಲೂ ಇಲ್ಲ. ಹುಬ್ಬಿನ ನಡುವೆ ಒಂದು ಗೆರೆ ಮೂಡಿತು, ಕಿಟಕಿಯಲ್ಲಿ ಯಾರೋ ಸರದಿ ಬಿಟ್ಟು ನುಗ್ಗಿದಾಗ ಮೂಡುವಂಥದು.

"ಗೊತ್ತದ," ಎಂದಳು. "ನಡಕ ಮಾತಾಡಬ್ಯಾಡ ನೀ. ನಾ ಕೇಳಿದ್ದು ಅಕಿಗಿ."

ಮೊದಲ ದಿನದಿಂದಲೂ ಗೊತ್ತಿತ್ತೋ, ಈಗ ಗೊತ್ತಾಯಿತೋ, ಕೇಳುವ ಧೈರ್ಯವಾಗಲಿಲ್ಲ. ಕಳ್ಳಿ ತಾನು ಎಂದುಕೊಂಡು ದಿನವಿಡೀ ಸುತ್ತಿದ್ದವಳಿಗೆ, ಮನೆಯವರೇ ಬಾಗಿಲು ತೆರೆದಿಟ್ಟು ಕೂತಿದ್ದು ಕಂಡ ಹಾಗಾಗಿ ನಾಚಿಕೆ ಇಮ್ಮಡಿಸಿತು. ಅವ್ವ ಕಾಯುತ್ತಿದ್ದಳು. ಕಟ್ಟೆಯ ಮೇಲಿನ ಹುಡುಗಿಯ ಹಾಗೆ ಗದ್ದ ಸ್ವಲ್ಪ ಎತ್ತಿ ಕಾಯುತ್ತಿದ್ದಳು. ಆ ಗದ್ದವನ್ನು ನೋಡುತ್ತಿದ್ದಂತೆ ಜಯಮಾಲಾಳಿಗೆ ಕುಂಚಾವರಂ, ಕೋಣೆ, ಮರಗಳು ಎಲ್ಲ ಯಾವಾಗಲೋ ನೋಡಿ ಮರೆತ ಸಿನಿಮಾದಂತಾದವು. ಈ ಹುಡುಗಿಯನ್ನು ಮತ್ತೊಬ್ಬಳು ಬಿಟ್ಟು ಹೋಗಬಾರದು. ಅವಳು ಆಯಿಯ ದನಿಯನ್ನು ತಂದುಕೊಂಡಳು. ಹಿಂದೆಂದಿಗಿಂತ ಚೆನ್ನಾಗಿ ಬಂತು ಅದು, ನಿಲುಗಡೆಯ ಸಮೇತ. "ಬ್ಯಾಡ ನನ ಕಂದಾ. ಕಳಸಬ್ಯಾಡ. ಅಕಿ ನಿನ್ನ ಬಾಜೂಕೇ ಇರ್ಲಿ," ಎಂದಳು.

ದಾನಮ್ಮ ಕಣ್ಣು ತೆರೆದಳು. ನಿದ್ದೆಯಿಂದ ಎದ್ದವಳ ಕಣ್ಣಲ್ಲ ಅವು. ಮಗಳನ್ನೇ ದಿಟ್ಟಿಸುತ್ತ, ನಿಧಾನವಾಗಿ ಎದ್ದು ಕೂತು, ಜಾರಿದ ಹೂವನ್ನು ಸರಿಮಾಡಿಕೊಂಡಳು. "ನಮ್ಮವ್ವ ಹಾಂಗ ಅಂತಿದ್ದಿಲ್ಲ," ಎಂದಳು. ದನಿಯಲ್ಲಿ ಸಿಟ್ಟಿರಲಿಲ್ಲ. ಸಿಟ್ಟಿದ್ದರೆ ಚೆನ್ನಾಗಿತ್ತು. "ದನಿ ಬರೋಬ್ಬರ್ ಅದ. ಮಾತ ಅಕಿದಲ್ಲ. ಅಕಿ ಯಾರನ್ನೂ ಬಾಜೂಕ ಇಟಗೊಂಡಾಕಿ ಅಲ್ಲ. ನನ್ನ ಧೂಳದಾಗ ಬಿಟ್ಟು ಹೋಗಾಕಿ, ತಿರುಗಿ ನೋಡ್ತಿದ್ದಿಲ್ಲ. ನೋಡಿದ್ರ ಹೋಗ್ಲಾಕ ಆಗ್ತಿದ್ದಿಲ್ಲಂತ, ಸಾಯೂ ಮುಂದ ಹೇಳಿದ್ಲು." ಆಯಿಯ ಸೊತ್ತೆಲ್ಲ ತನ್ನ ಬಳಿ ಇದೆ ಎಂದು ಹುಟ್ಟಿದಾಗಿನಿಂದ ನಂಬಿಕೊಂಡವಳು ಜಯಮಾಲಾ. "ನಿನ್ನ ಸಲುವಾಗಿ ಅಂದೆ ಅವ್ವಾ," ಎಂದಳು. "ನನ್ನ ಸಲುವಾಗಿ ಅಕಿ ಬಾಯಾಗ ನಿನ್ನ ಮಾತ ಹಾಕಬ್ಯಾಡ," ಎಂದಳು ದಾನಮ್ಮ. ಗೋಡೆಗೆ ಒರಗಿ, ಕಾಲು ಚಾಚಿ, "ಇನ್ನ ಕಥಿ ಹೇಳು. ನಿನ್ನ ದನ್ಯಾಗ. ಕಣ್ಣ ತಕ್ಕೊಂಡೇ ಕೇಳ್ತೀನಿ. ದಿನಾ ಅರ್ಧಕ್ಕ ಬಿಡ್ತಿ, ಮುದುಕಿ ಮನಿ ಮುಟ್ಟೂದೇ ಇಲ್ಲ."

ಜಯಮಾಲಾ ಬಾಯಿ ತೆರೆದಳು. ಗಂಟು, ಕಂಬಳಿ, ಹೊರೆ. ಕೊನೆಯ ಮರ. ಕೊನೆಯ ಮರದ ಆಚೆ ಏನಿತ್ತು? ಹುಡುಕಿದಳು. ಅಲ್ಲಿ ಆಯಿಯ ತೊಡೆಯ ಬಿಸಿ ಇತ್ತು, ಎಲೆಅಡಿಕೆಯ ವಾಸನೆ ಇತ್ತು, ಮಾತಿರಲಿಲ್ಲ. ಅಲ್ಲಿಗೆ ಮುಟ್ಟುವಷ್ಟರಲ್ಲಿ ತನಗೆ ಯಾವಾಗಲೂ ನಿದ್ದೆ ಬಂದುಬಿಡುತ್ತಿತ್ತು. ಒಂದು ಕಥೆಯ ಕೊನೆಯೂ, ಯಾವ ಒಂದು ಕಥೆಯದೂ ತನಗೆ ಗೊತ್ತಿಲ್ಲವೆಂದು ಅವಳಿಗೆ ಈಗ, ತೆರೆದ ಕಣ್ಣುಗಳ ಎದುರು, ಗೊತ್ತಾಯಿತು.

"ನೀ ಮಕ್ಕೊಂತಿದ್ದಿ," ಎಂದಳು ಅವ್ವ ಮೆಲ್ಲಗೆ. "ಅಕಿ ಮುಗಸ್ದೇ ಏಳ್ತಿದ್ದಿಲ್ಲ. ನಾ ಒಳಗ ಭಾಂಡೆ ತಿಕ್ಕೋತ ಕೇಳ್ತಿದ್ದೆ, ನಳ ಸಣ್ಣ ಮಾಡಿ." ಹಾಗೆಂದು, ಯಾವ ಎಳೆತವೂ ಇಲ್ಲದೆ, ಪ್ಲಾಟ್‌ಫಾರ್ಮಿನ ನಂಬರು ಹೇಳುವವಳ ಒಣ ದನಿಯಲ್ಲಿ ಹೇಳಿದಳು: "ಎಲ್ಲಾ ಗಿಡಕ್ಕ ಎಲ್ಲಾ ಕೊಟ್ಟು ಮುದುಕಿ ಹಗುರಾಗಿ ಮನಿಗಿ ಬರ್ತಾಳ. ಬಾಗಿಲಾಗ ಕೂಸು ಕುಂತಿರ್ತದ. ಗಂಟಿಲ್ಲ, ಕಂಬಳಿಲ್ಲ, ಹೊರಿ ಇಲ್ಲ. ಕೂಸು ಗುರ್ತ ಹಿಡ್ಯಂಗಿಲ್ಲ. ಯಾರಬೇ ನೀ, ನಮ್ಮವ್ವ ಇನ್ನಾ ಬಂದಿಲ್ಲ, ಅಂತದ."

"ಆಮ್ಯಾಲ?"

"ಆಮ್ಯಾಲೇನ್? ಮುದುಕೀನೂ ಕೂಸಿನ ಬಾಜೂಕ ಕುಂದರ್ತಾಳ. ಇಬ್ಬರೂ ಕೂಡಿ ದಾರಿ ನೋಡ್ತಾರ. ಅಷ್ಟೇ ಅದ ಕಥಿ."

ದಾನಮ್ಮ ಮೊಣಕಾಲಿಗೆ ಕೈಯೂರಿ ಎದ್ದಳು. ಅಡುಗೆಮನೆಯ ದೀಪ ಹಚ್ಚಿದಳು, ಹಿಟ್ಟಿನ ಡಬ್ಬಿಯ ಮುಚ್ಚಳ ತೆಗೆದ ಸದ್ದಾಯಿತು. "ಸೋಮವಾರಕ್ಕ ಸಜ್ಜಿ ರೊಟ್ಟಿ ಮಾಡಿ ಕೊಡ್ತೀನಿ, ಕಡಕ್ ಆದ್ರ ಭಾಳ ದಿನ ಇರ್ತಾವ," ಎಂದಳು ಅಲ್ಲಿಂದಲೇ. "ಬ್ಯಾಗ್ ಅಟ್ಟದ ಮ್ಯಾಲ ಅದ, ಇಳಸ್ಕೋ." ಪಡಸಾಲೆಯಲ್ಲಿ ಕತ್ತಲು ತುಂಬುತ್ತಿತ್ತು. ಜಯಮಾಲಾ ಖಾಲಿ ಚಾಪೆಯ ಎದುರು ಕೂತೇ ಇದ್ದಳು. ಬ್ಯಾಗು ಇಳಿಸಬೇಕು, ಎದ್ದು ಮೊದಲು ದೀಪ ಹಚ್ಚಬೇಕು. ಹೋಗು ಎಂಬ ಮಾತು ಸಿಕ್ಕಿತ್ತು, ಆದರೆ ಮೈ ಏಳುತ್ತಿರಲಿಲ್ಲ. ಒಳಗೆ ರೊಟ್ಟಿ ಬಡಿಯುವ ಸದ್ದು ಶುರುವಾಯಿತು. ಸ್ವಲ್ಪ ಹೊತ್ತಿಗೆ ಅದು ನಿಂತು, "ಹೋಗಿ ದಿನಾ ಫೋನ್ ಮಾಡಬ್ಯಾಡ ಮತ್ತ," ಎಂದ ಅವ್ವನ ದನಿ, ತಡೆದು, ಇನ್ನೊಂದು ಸಲ ಕೇಳಿಸಿತು. "ಮಾಡಿದ್ರ ಸುಮ್ನ ನಿನ್ನ ದನ್ಯಾಗೇ ಮಾತಾಡು."